ಬಿದ್ದದ್ದೊಂದು ನೆಪ

ಮೂಳೆ ಡಾಕ್ಟರ ಮುಂದೆ ಕೂತವರು ಮಾತು ಶುರು ಮಾಡುವುದೇ ಬಿದ್ದ ಕಥೆಯಿಂದ. ಗಾಡಿಯಿಂದ ಬಿದ್ದೆ, ಮೆಟ್ಟಿಲಲ್ಲಿ ಜಾರಿದೆ, ಮಾಳಿಗೆಯಿಂದ ಉರುಳಿದೆ. ಪುಣೆಯಲ್ಲಂತೂ ಇಂಥ ಕಥೆಗಳಿಗೆ ಎಂದೂ ಬರವಿರಲಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಅನ್ನಿಸಿಕೊಂಡಿದ್ದ ಪುಣೆ, ಆಕುರ್ಡಿಯ ಬಜಾಜ್ ಸ್ಕೂಟರು, 1972ರಲ್ಲಿ ಬಂದ ಕೈನೆಟಿಕ್ ಕಂಪನಿಯ ಲೂನಾ, ಇವೆಲ್ಲ ಬೀದಿಗಿಳಿದ ಮೇಲೆ ಎಂಜಿನ್ನಿನ ದ್ವಿಚಕ್ರಗಳ ಊರಾಯಿತು. ಎಪ್ಪತ್ತರ ದಶಕದ ಕೊನೆಗೆ ಸಸೂನ್ ಆಸ್ಪತ್ರೆಗೆ ಮೂಳೆ ಶಸ್ತ್ರಚಿಕಿತ್ಸೆ ಕಲಿಯಲು ಬಂದ ಭೀಮಾತೀರದ ತರುಣ ವೈದ್ಯರೊಬ್ಬರಿಗೆ ಮೊದಲ ವರ್ಷವಿಡೀ ಕಂಡದ್ದು ಮುರಿದ ತೊಡೆಮೂಳೆ, ಚೂರಾದ ಮೊಣಕಾಲ ಚಿಪ್ಪು, ತಿರುಚಿಹೋದ ಕಣಕಾಲು. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಎಕ್ಸ್‌ರೇ ಬರುತ್ತಿತ್ತು. ರೋಗಿ ಹೇಳಿದ ಕಥೆಗೂ ಕಣ್ಣೆದುರಿನ ಮೂಳೆಗೂ ಅದರಲ್ಲಿ ತಾಳೆಯೇ ಆಗುತ್ತಿರಲಿಲ್ಲ. ಬಿದ್ದದ್ದು ಅಷ್ಟಿಷ್ಟು, ಮೂಳೆ ಕೆಟ್ಟದ್ದು ಬಹಳ. ತಾಳೆಯಾಗದ ಆ ಲೆಕ್ಕದ ಬೆನ್ನು ಹತ್ತಿಯೇ ಅವರು ಮುಂದಿನ ಆಯುಷ್ಯ ಕಳೆದರು.

ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಡಾಕ್ಟರು.

ಸಸೂನ್ ಅಂದರೆ 1867ರಿಂದ ನಡೆದುಬಂದ ಕಲ್ಲುಕಟ್ಟಡದ ಆಸ್ಪತ್ರೆ. 1924ರ ಜನವರಿ 12ರ ರಾತ್ರಿ ಗಾಂಧೀಜಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ಆದದ್ದು ಅಲ್ಲೇ. ನಡುವೆ ವಿದ್ಯುತ್ ದೀಪ ಆರಿಹೋಗಿ, ಕರ್ನಲ್ ಮ್ಯಾಡಕ್ ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಿದರೆಂಬ ಸಂಗತಿಯನ್ನು ಅಲ್ಲಿ ಕಲಿಯಲು ಬಂದ ಪ್ರತಿ ಹುಡುಗನೂ ಮೊದಲ ವಾರದಲ್ಲೇ ಕೇಳುತ್ತಾನೆ. ಡಾಕ್ಟರಿಗೆ ಹೆಚ್ಚು ನೆನಪಿರುವುದು ಹೊರರೋಗಿ ವಿಭಾಗದ ಉದ್ದ ಬೆಂಚುಗಳು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡದ ರೈತರು, ಆ ಬೆಂಚಿನ ಮೇಲೆ ಮರಾಠಿಯಲ್ಲಿ ತಡವರಿಸುತ್ತ ಕೂತಿರುತ್ತಿದ್ದರು. ಎರಂಡವಣೆಯ ಕನ್ನಡ ಸಂಘ, ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಕನ್ನಡ ಶಾಲೆ, ಭೀಮಸೇನ ಜೋಶಿಯವರ ಗಾಯನ, ಇದು ಪುಣೆಯ ಒಂದು ಕನ್ನಡ. ಸಿಮೆಂಟು ಮೆತ್ತಿದ ಕಾಲಿನ ಈ ಕನ್ನಡ ಇನ್ನೊಂದು. ಕನ್ನಡ ಬಲ್ಲ ಡಾಕ್ಟರು ಒಬ್ಬರಿದ್ದಾರೆಂದು ಗೊತ್ತಾದದ್ದೇ ತಡ, ಬೆಂಚಿನವರೆಲ್ಲ ಅವರ ಮೇಜಿನತ್ತ ಬರತೊಡಗಿದರು.

ಹಾಗೆ ಬಂದವನು ಅಫಜಲಪುರ ಕಡೆಯ ಒಬ್ಬ ಹುಡುಗ. ಹದಿಮೂರೋ ಹದಿನಾಲ್ಕೋ ವಯಸ್ಸು. ಅಪ್ಪ ಸೆಂಟ್ರಿಂಗ್ ಕೆಲಸದವ. ಅಷ್ಟುಹೊತ್ತಿಗೆ ಡಾಕ್ಟರು ಕಲಿಕೆ ಮುಗಿಸಿ ಪುಣೆಯಲ್ಲೇ ನೆಲೆಯಾಗಿದ್ದರು.

“ಸಾಹೇಬ್ರ, ಇವ ಉಸುಕಿನ ರಾಶಿ ಮ್ಯಾಲಿಂದ ಬಿದ್ದಾನ್ರಿ. ಮೊಣಕಾಲು ಬಾತದ. ಹಾಡವೈದ್ಯರ ಕಡೆ ತಿಕ್ಕಿಸಿದ್ವಿ, ಇಳೀಲಿಲ್ಲ.”

ಡಾಕ್ಟರು ಹುಡುಗನ ಕಾಲಿಗೆ ಕೈಹಚ್ಚಿದರು. ಬಾವು ಇದ್ದದ್ದು ಕೀಲಿನಲ್ಲಲ್ಲ, ಕೀಲಿಗಿಂತ ನಾಲ್ಕು ಬೆರಳು ಮೇಲೆ, ತೊಡೆಮೂಳೆಯ ಕೆಳತುದಿಯಲ್ಲಿ. ಚರ್ಮ ಬಿಗಿದು ಹೊಳೆಯುತ್ತಿತ್ತು, ಇನ್ನೊಂದು ಕಾಲಿಗಿಂತ ಬಿಸಿಯಾಗಿತ್ತು, ನೀಲಿ ನರಗಳು ಎದ್ದು ಕಾಣುತ್ತಿದ್ದವು. ಎಣ್ಣೆಯ ವಾಸನೆ, ಬಿದಿರುಪಟ್ಟಿ ಕಟ್ಟಿದ್ದ ಗುರುತು. ಅವರು ಕೇಳಿದ್ದು ಒಂದೇ ಮಾತು: “ರಾತ್ರಿ ಮಲಗತಿಯೇನಪಾ?” ಹುಡುಗ ಸುಮ್ಮನಿದ್ದ. ತಾಯಿ ಹೇಳಿದಳು: “ಎಲ್ಲಿ ಮಲಗತಾನ್ರಿ, ನಡುರಾತ್ರಿ ಎದ್ದು ಕುಂತು ಕಾಲು ಹಿಡಕೊಂಡು ಅಳತಾನ. ಬೀಳೂದಕಿಂತ ಮೊದಲಿಂದನೂ ಹಂಗೇ.”

ಬೀಳುವ ಮೊದಲಿಂದಲೂ. ಅಲ್ಲಿಗೆ ಕಥೆ ತಿರುಗಿತು.

ಎಕ್ಸ್‌ರೇ ಬಂತು. ಮೂಳೆಯ ಅಂಚಿನಿಂದ ಹೊರಕ್ಕೆ ಸೂರ್ಯಕಿರಣದ ಹಾಗೆ ಚಾಚಿದ ಎಳೆಗಳು. ಗಡ್ಡೆ ಮೂಳೆಯ ಮೇಲ್ಪೊರೆಯನ್ನು ಎತ್ತಿ ಹಿಡಿದ ಜಾಗದಲ್ಲಿ ಒಂದು ಸಣ್ಣ ತ್ರಿಕೋನ. ಪುಸ್ತಕಗಳಲ್ಲಿ ಅದಕ್ಕೆ ಕಾಡ್ಮನ್ ತ್ರಿಕೋನ ಎಂದು ಹೆಸರು. ಬಯಾಪ್ಸಿ ಆಗುವತನಕ ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲವಾದರೂ, ಅದು ಆಸ್ಟಿಯೋಸಾರ್ಕೋಮಾ, ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್, ಎಂಬ ಬಗ್ಗೆ ಅವರಿಗೆ ಅನುಮಾನ ಉಳಿದಿರಲಿಲ್ಲ.

ಈ ರೋಗ ಹೆಚ್ಚಾಗಿ ಹತ್ತರಿಂದ ಇಪ್ಪತ್ತರೊಳಗಿನ ವಯಸ್ಸಿನವರಿಗೆ ಬರುತ್ತದೆ. ಮೂಳೆ ಎಲ್ಲಿ ಭರದಿಂದ ಬೆಳೆಯುತ್ತದೋ ಅಲ್ಲಿ, ಅಂದರೆ ಮೊಣಕಾಲಿನ ಆಚೀಚೆ, ಇಲ್ಲವೇ ತೋಳಿನ ಮೂಳೆಯ ಮೇಲ್ತುದಿಯಲ್ಲಿ ಹುಟ್ಟುತ್ತದೆ. ಆ ವಯಸ್ಸಿನ ಮಕ್ಕಳು ದಿನಾ ಬೀಳುವವರೇ. ಬಿದ್ದ ಪೆಟ್ಟಿನಿಂದ ಗಡ್ಡೆ ಹುಟ್ಟುವುದಿಲ್ಲ. ಮೊದಲೇ ಇದ್ದ ಗಡ್ಡೆಯ ಕಡೆಗೆ ಮನೆಯವರ ಕಣ್ಣು ಹರಿಯುವುದು ಬಿದ್ದ ದಿನ, ಅಷ್ಟೇ. ಆದರೆ ಒಮ್ಮೆ ‘ಬಿದ್ದ’ ಎಂದು ಮನಸ್ಸಿಗೆ ಬಂದರೆ ಮುಂದಿನದ್ದೆಲ್ಲ ಪೆಟ್ಟಿನ ಉಪಚಾರವೇ. ಎಣ್ಣೆ, ಪಟ್ಟು, ಬಿಸಿ ಶಾಖ, ನೋವಿನ ಮಾತ್ರೆ. ಒಂದು ತಿಂಗಳು ಹೋಗುತ್ತದೆ, ಎರಡು ಹೋಗುತ್ತವೆ. ಗಡ್ಡೆಗೆ ಬೇಕಾದದ್ದೂ ಅದೇ.

ಹಾಡವೈದ್ಯರನ್ನು, ಅಂದರೆ ಮೂಳೆ ಕಟ್ಟುವ ನಾಟಿ ವೈದ್ಯರನ್ನು, ಬೈದು ಮುಗಿಸುವುದು ಸುಲಭ. ಡಾಕ್ಟರು ಹಾಗೆ ಮಾಡಲಿಲ್ಲ, ಮತ್ತು ಅವರ ಈ ನಡೆ ಅವರು ಮಾಡಿದ ಯಾವ ಶಸ್ತ್ರಚಿಕಿತ್ಸೆಗೂ ಕಡಿಮೆಯದಲ್ಲ. ಆಂಧ್ರದ ಪುತ್ತೂರಿನ ಕಟ್ಟು ದಕ್ಷಿಣದಲ್ಲೆಲ್ಲ ಹೆಸರಾದದ್ದು. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲಿ ಅದರ ಫಲಕಗಳಿವೆ. ಮಹಾರಾಷ್ಟ್ರದಲ್ಲೂ ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದ ಮನೆತನಗಳಿವೆ. ಬಡವನಿಗೆ ಎಟುಕುವ ಬಾಗಿಲು ಅದು. ಅಲ್ಲಿ ಸಾಲು ನಿಲ್ಲಬೇಕಿಲ್ಲ, ಒಂದು ದಿನದ ಕೂಲಿ ಹೋಗುವುದಿಲ್ಲ. ರಜೆಯ ದಿನ ಡಾಕ್ಟರು ಊರ ಹೊರಗಿನ ಅಂಥ ಮನೆಗಳಿಗೆ ತಾವೇ ಹೋಗಿ ಚಹಾ ಕುಡಿದು ಕೂತರು. ಎಕ್ಸ್‌ರೇ ಹಾಳೆಗಳನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಕೀಲು ಜಾರಿದ್ದು, ಉಳುಕಿದ್ದು ನೀವು ನೋಡಿರಿ, ಆದರೆ ರಾತ್ರಿ ನೋವು ಹೆಚ್ಚುವ ಮಗು, ಪೆಟ್ಟಿಗಿಂತ ದೊಡ್ಡ ಬಾವು, ವಾರ ಎರಡಾದರೂ ಇಳಿಯದ ಊತ, ಈ ಮೂರರಲ್ಲಿ ಒಂದು ಕಂಡರೂ ಕೈಹಚ್ಚದೆ ನನ್ನ ಹತ್ತಿರ ಕಳಿಸಿರಿ ಎಂದು ಬೇಡಿಕೊಂಡರು. ಗಡ್ಡೆಯ ಮೇಲೆ ತಿಕ್ಕಿದರೆ ಒಳಗೆ ರಕ್ತ ಸುರಿಯುತ್ತದೆ, ಸೊರಗಿದ ಮೂಳೆ ಮುರಿಯುತ್ತದೆ. ಅವರಲ್ಲಿ ಒಬ್ಬ ಮುದುಕರು ತಪ್ಪದೆ ಕಳಿಸುತ್ತ ಬಂದರು. ಚೀಟಿ ಇಲ್ಲ, ಏನಿಲ್ಲ; ‘ಅಜ್ಜ ಕಳಿಸ್ಯಾರ’ ಅಂದರೆ ಸಾಕು, ಡಾಕ್ಟರು ಬೆಂಚಿನ ಸಾಲು ತಪ್ಪಿಸಿ ಒಳಗೆ ಕರೆಯುತ್ತಿದ್ದರು.

ಓದಿಕೊಂಡ ವೈದ್ಯರ ಪಾಲೂ ಈ ಹಾನಿಯಲ್ಲಿ ಕಡಿಮೆಯಿಲ್ಲ. ಗಡ್ಡೆಯಿಂದ ಸೊರಗಿ ಮುರಿದ ತೊಡೆಮೂಳೆಯನ್ನು ಸಾಮಾನ್ಯ ಮುರಿತವೆಂದು ತಿಳಿದು, ಒಳಗೆ ಉದ್ದ ಕಬ್ಬಿಣದ ಸರಳು ಹೊಡೆದರೆ ಕ್ಯಾನ್ಸರ್ ಕೋಶಗಳು ಮಜ್ಜೆಯ ಕೊಳವೆಯ ಉದ್ದಕ್ಕೂ ಚೆಲ್ಲಿಹೋಗುತ್ತವೆ. ಬಯಾಪ್ಸಿಗೆಂದು ಅಡ್ಡಲಾಗಿ ಕೊಯ್ದರೂ ಅಷ್ಟೇ: ಆ ಗಾಯದ ದಾರಿಯನ್ನೆಲ್ಲ ಕೊನೆಯ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆಗೇ ತೆಗೆಯಬೇಕು, ಅಡ್ಡ ಗಾಯವಾದರೆ ಕಾಲು ಉಳಿಸುವುದೇ ಕಷ್ಟವಾಗುತ್ತದೆ. ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದಾಗ, ಶೇಕಡ 4.5ರಷ್ಟು ಜನ ಬರೀ ಬಯಾಪ್ಸಿಯ ತೊಡಕಿನಿಂದಾಗಿ, ಉಳಿಯಬಹುದಾಗಿದ್ದ ಕೈಯನ್ನೋ ಕಾಲನ್ನೋ ಕಳೆದುಕೊಂಡದ್ದು ಕಂಡುಬಂತು. 1996ರಲ್ಲಿ 597 ರೋಗಿಗಳನ್ನು ಇಟ್ಟುಕೊಂಡು ಮತ್ತೆ ನೋಡಿದರು. ಪರಿಸ್ಥಿತಿ ಹೇಳಿಕೊಳ್ಳುವಷ್ಟು ಸುಧಾರಿಸಿರಲಿಲ್ಲ. ಕೊನೆಯ ಶಸ್ತ್ರಚಿಕಿತ್ಸೆ ಮಾಡುವವನೇ ಮೊದಲ ಬಯಾಪ್ಸಿಯನ್ನೂ ಮಾಡಬೇಕೆಂಬ ನಿಯಮಕ್ಕೆ ಬಲ ಬಂದದ್ದು ಇದರಿಂದ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಮೂಳೆ ಕ್ಷಯ ಇಲ್ಲಿ ಸಾಮಾನ್ಯ, ಹಾಗಾಗಿ ಮೂಳೆಯಲ್ಲಿ ತೂತು ಕಂಡರೆ ಮೊದಲು ನೆನಪಾಗುವುದು ಟಿಬಿ. ಮಕ್ಕಳ ಇನ್ನೊಂದು ಮೂಳೆ ಕ್ಯಾನ್ಸರಾದ ಯೂಯಿಂಗ್ ಸಾರ್ಕೋಮಾದಲ್ಲಿ ಜ್ವರವೂ ಬರುತ್ತದೆ, ಕೀವಿನಂಥದ್ದೂ ಸಿಗುತ್ತದೆ. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಬೇರೆ ರೋಗದ ಔಷಧಿ ನುಂಗಿ ಬಂದಿರುತ್ತಿದ್ದರು.

ಡಾಕ್ಟರ ಸಂಶೋಧನೆ ಎಂದರೆ ಗಾಜಿನ ಕೊಳವೆಗಳ ಪ್ರಯೋಗಾಲಯವಲ್ಲ. ಅದು ರಟ್ಟಿನ ಹೊದಿಕೆಯ, ಗೆರೆ ಹಾಕಿದ ಲೆಡ್ಜರು. ಎಡಪುಟದಲ್ಲಿ ರೋಗಿ ಹೇಳಿದ ಕಥೆ, ರೋಗಿಯದೇ ಮಾತಿನಲ್ಲಿ. ಬಲಪುಟದಲ್ಲಿ ನೋವು ಶುರುವಾದ ದಿನ, ಮೊದಲು ಎಲ್ಲಿ ತೋರಿಸಿದರು, ಮೊದಲ ಎಕ್ಸ್‌ರೇ ಯಾವಾಗ, ಬಯಾಪ್ಸಿ ಏನು ಹೇಳಿತು. ತಿಂಗಳು ತಿಂಗಳು ಹಾಸ್ಟೆಲಿನ ಕೋಣೆಯಲ್ಲಿ, ಆಮೇಲೆ ಮನೆಯ ಊಟದ ಮೇಜಿನ ಮೇಲೆ ಅದನ್ನು ತುಂಬಿದರು. ಕೊನೆಯ ಅಂಕಣ ಮಾತ್ರ ಯಾವತ್ತೂ ಕಷ್ಟದ್ದೇ: ಈಗ ಹೇಗಿದ್ದಾರೆ?

ಈ ಕೊನೆಯ ಅಂಕಣವನ್ನು ಕಲಿಸಿಕೊಟ್ಟವನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್. ಎಕ್ಸ್‌ರೇಯ ತ್ರಿಕೋನಕ್ಕೆ ಹೆಸರು ಬಂದದ್ದು ಅವನಿಂದಲೇ. ಚಿಕಿತ್ಸೆ ಕೊಟ್ಟು ಕಳಿಸಿದರೆ ಮುಗಿಯಲಿಲ್ಲ, ಪ್ರತಿ ರೋಗಿಗೂ ಕೊನೆಗೆ ಏನಾಯಿತೆಂದು ಆಸ್ಪತ್ರೆ ಲೆಕ್ಕ ಇಡಬೇಕು, ತಪ್ಪಾದರೆ ಯಾಕೆ ತಪ್ಪಾಯಿತೆಂದು ಬಹಿರಂಗವಾಗಿ ಹೇಳಬೇಕು ಎಂದು ಅವನು ಹಟ ಹಿಡಿದ. ಸಹೋದ್ಯೋಗಿಗಳಿಗೆ ಸಹಿಸಲಾಗಲಿಲ್ಲ. 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆ ಬಿಟ್ಟು ಹೊರಬಂದ. 1920ರಲ್ಲಿ ಅಮೆರಿಕದ ಶಸ್ತ್ರವೈದ್ಯರಿಗೆ ಪತ್ರ ಬರೆದು, ಮೂಳೆ ಸಾರ್ಕೋಮಾದ ಪ್ರಕರಣಗಳನ್ನು ಒಂದೆಡೆ ಕೂಡಿಹಾಕುವ ನೋಂದಣಿ ಪುಸ್ತಕ ತೆರೆದ. ಒಬ್ಬ ಸರ್ಜನ್ನನ ಆಯುಷ್ಯದಲ್ಲಿ ಬೆರಳೆಣಿಕೆಯಷ್ಟೇ ಸಿಗುವ ರೋಗವನ್ನು ಅರಿಯಲು ಬೇರೆ ದಾರಿಯೇ ಇರಲಿಲ್ಲ. ಆಧುನಿಕ ವೈದ್ಯಕೀಯದ ದೊಡ್ಡ ಮನುಷ್ಯರಲ್ಲಿ ಅವನೊಬ್ಬ. 1940ರಲ್ಲಿ ತೀರಿಕೊಂಡಾಗ ಅವನ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ.

ಕಾಡ್ಮನ್ನನಿಗೆ ಉತ್ತರ ಬರೆಯಲು ಸರ್ಜನ್ನರಿದ್ದರು. ಪುಣೆಯ ಡಾಕ್ಟರ ರೋಗಿಗಳೋ, ಒಂದು ಕಟ್ಟಡ ಮುಗಿದರೆ ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟುವವರು. ಅದಕ್ಕೇ ಅವರು ಊರಿನ ಹೆಸರಿನ ಜೊತೆ ಅಲ್ಲಿನ ಕನ್ನಡ ಶಾಲೆಯ ಮಾಸ್ತರ, ಅಂಚೆಯವರ, ಕಿರಾಣಿ ಅಂಗಡಿಯವರ ವಿಳಾಸವನ್ನೂ ಬರೆದುಕೊಳ್ಳುತ್ತಿದ್ದರು. ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಕಾರ್ಡು: ಇಂಥ ಹುಡುಗ ಈಗ ಹೇಗಿದ್ದಾನೆ, ನಡೆಯುತ್ತಾನೆಯೇ, ಕೆಮ್ಮು ಇದೆಯೇ? ಕೆಮ್ಮು ಯಾಕೆಂದರೆ ಈ ಕ್ಯಾನ್ಸರ್ ಹರಡುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಕೆಲವು ಕಾರ್ಡುಗಳು ‘ವಿಳಾಸದಾರರು ಊರಲ್ಲಿಲ್ಲ’ ಎಂದು ವಾಪಸಾದವು. ಕೆಲವಕ್ಕೆ ಮಾಸ್ತರರು ಎರಡು ಸಾಲು ಬರೆದರು. ಆ ಎರಡು ಸಾಲುಗಳಲ್ಲಿ ಹುಡುಗ ಇಲ್ಲ ಎಂಬ ಸುದ್ದಿ ಇದ್ದಾಗಲೂ ಡಾಕ್ಟರು ಮರಳಿ ಬರೆದು, ಕೊನೆಯ ದಿನಗಳಲ್ಲಿ ನೋವಿಗೆ ಏನು ಕೊಟ್ಟರೆಂದು ಕೇಳುತ್ತಿದ್ದರು. ಆ ಸಂಕಟದ ಪತ್ರವ್ಯವಹಾರದಿಂದಲೇ ಅವರಿಗೆ ಒಂದು ಸಂಗತಿ ಗಟ್ಟಿಯಾಯಿತು. ಕಾಲು ಉಳಿಯಿತೋ ಇಲ್ಲವೋ, ಜೀವ ಉಳಿಯಿತೋ ಇಲ್ಲವೋ ಎಂಬುದು ಬಹಳಮಟ್ಟಿಗೆ ನಿರ್ಧಾರವಾಗುತ್ತಿದ್ದದ್ದು ಆಪರೇಷನ್ ಮೇಜಿನ ಮೇಲಲ್ಲ, ಮೊದಲ ನೋವಿಗೂ ಮೊದಲ ಎಕ್ಸ್‌ರೇಗೂ ನಡುವಿನ ದಿನಗಳಲ್ಲಿ.

ಅವರು ಕಲಿಯಲು ಬಂದಾಗ ನಮ್ಮಲ್ಲಿ ಈ ರೋಗಕ್ಕಿದ್ದ ಉತ್ತರ ಬಹುಮಟ್ಟಿಗೆ ಕಾಲು ಕತ್ತರಿಸುವುದೊಂದೇ. ಕತ್ತರಿಸಿದರೂ ಐವರಲ್ಲಿ ಒಬ್ಬ ಉಳಿದರೆ ಹೆಚ್ಚು. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲೇ ಬಾಸ್ಟನ್ನಿನ ನಾರ್ಮನ್ ಜಾಫಿ ಮುಂತಾದವರು ಭಾರೀ ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟು ನೋಡಿದರು, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಬಂದವು. ಒಳ್ಳೆಯ ಕೇಂದ್ರಗಳಲ್ಲಿ, ರೋಗ ಹರಡದಿದ್ದವರಲ್ಲಿ, ಉಳಿಯುವವರ ಪ್ರಮಾಣ ಶೇಕಡ 60ರಿಂದ 70ಕ್ಕೆ ಏರಿತು. ನ್ಯೂಯಾರ್ಕಿನಲ್ಲಿ ಜೆರಾಲ್ಡ್ ರೋಸೆನ್, ರಾಲ್ಫ್ ಮಾರ್ಕೋವ್ ಅವರು ಗಡ್ಡೆಯ ಮೂಳೆ ತೆಗೆದು ಲೋಹದ ಕೀಲು ಕೂರಿಸಲು ಹೊರಟಾಗ, ಪ್ರತಿ ರೋಗಿಯ ಅಳತೆಗೆ ಕೀಲು ತಯಾರಾಗಿ ಬರಲು ಕೆಲವು ತಿಂಗಳು ಹಿಡಿಯುತ್ತಿತ್ತು. ಸುಮ್ಮನೆ ಕಾಯುವ ಬದಲು ಆ ಅವಧಿಯಲ್ಲಿ ಔಷಧಿ ಕೊಟ್ಟರು. ಇಂದು ಜಗತ್ತಿನೆಲ್ಲೆಡೆ ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಕೊಡುವ ಪದ್ಧತಿ ಬೆಳೆದದ್ದು ಆ ಕಾಯುವಿಕೆಯಿಂದ.

ಪುಣೆಯವರಿಗೆ ಆಗ ಕೀಮೋ ಎಂದರೆ ಬೆಳಗಿನ ರೈಲು ಹಿಡಿದು ಮುಂಬೈಯ ದಾದರಿನಲ್ಲಿ ಇಳಿದು, ಪರೇಲಿನ ಟಾಟಾ ಆಸ್ಪತ್ರೆ. 1941ರಲ್ಲಿ ಶುರುವಾದ ಆ ಆಸ್ಪತ್ರೆಯ ಅಂಗಳದಲ್ಲಿ ಭಾರತದ ಎಲ್ಲ ಭಾಷೆಯೂ ಕೇಳಿಸುತ್ತದೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ ಇರದಿದ್ದರೆ ಎಷ್ಟು ಮನೆಯವರು ಮೊದಲ ವಾರಕ್ಕೇ ಊರಿಗೆ ಮರಳುತ್ತಿದ್ದರೋ. ಹೊರದೇಶದ ಲೋಹದ ಕೀಲಿಗೆ ಲಕ್ಷಗಟ್ಟಲೆ ರೂಪಾಯಿ. ಟಾಟಾದವರು ಮುಂದೆ ದೇಶದಲ್ಲೇ ಅಂಥದ್ದನ್ನು ಮಾಡಿಸಿದರು. ಪುಣೆಯಲ್ಲೂ ಇದೇ ಹಾದಿಯ ಕೆಲಸ ನಡೆದಿತ್ತು. 1965ರಿಂದ ಶಿವಾಜಿನಗರದಲ್ಲಿ ಮೂಳೆ ಆಸ್ಪತ್ರೆ ಕಟ್ಟಿ ಬೆಳೆಸಿದ ಡಾ. ಕೆ.ಎಚ್. ಸಂಚೇತಿ, ನೆಲದ ಮೇಲೆ ಕೂತೇಳುವ ನಮ್ಮ ಜನರಿಗೆ ಒಗ್ಗುವಂತೆ ‘ಇಂಡಸ್’ ಮೊಣಕಾಲನ್ನು ರೂಪಿಸಿದರು. ಅದು ಸವೆದ ಕೀಲಿಗೆ, ಕ್ಯಾನ್ಸರಿಗಲ್ಲ. ಆದರೂ ಸೊಲ್ಲಾಪುರದ ಹೊಲದವನ ಕೂರುವ ರೀತಿಯನ್ನು ಲೆಕ್ಕಕ್ಕೆ ಹಿಡಿದು ಕೀಲು ಮಾಡಬಹುದೆಂಬ ಧೈರ್ಯ ಪುಣೆಯ ಎಳೆಯ ಸರ್ಜನ್ನರಿಗೆ ಬಂದದ್ದು ಅಲ್ಲಿಂದ.

ಅಫಜಲಪುರದ ಹುಡುಗನಿಗೆ ಲೋಹದ ಕೀಲು ಎಟುಕುವಂತಿರಲಿಲ್ಲ. ಅವನಿಗೆ ಮುಂಬೈಯಲ್ಲಿ ಕೀಮೋ ಆದ ಮೇಲೆ ಹೇಳಿದ್ದು ಬೇರೆಯೇ ಒಂದು ಶಸ್ತ್ರಚಿಕಿತ್ಸೆ, ರೊಟೇಷನ್‌ಪ್ಲಾಸ್ಟಿ. ಮೊಣಕಾಲನ್ನೂ ಅದರ ಆಚೀಚಿನ ಮೂಳೆಯನ್ನೂ ಗಡ್ಡೆಯ ಸಮೇತ ತೆಗೆಯುತ್ತಾರೆ. ನರ ಉಳಿಸಿಕೊಂಡು, ಕೆಳಗಿನ ಕಾಲನ್ನು ಪಾದದ ಸಮೇತ ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುತ್ತಾರೆ. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಕಣಕಾಲಿನ ಕೀಲು ಈಗ ಮೊಣಕಾಲಿನ ಜಾಗಕ್ಕೆ ಬಂದು, ಅದರದೇ ಕೆಲಸ ಮಾಡುತ್ತದೆ. ಅದಕ್ಕೆ ಕೃತಕ ಕಾಲು ತೊಡಿಸಿದರೆ ಓಡಬಹುದು, ಸೈಕಲ್ ತುಳಿಯಬಹುದು. ಜರ್ಮನಿಯ ಬೋರ್ಗ್ರೇವ್ 1930ರಲ್ಲಿ ಇದನ್ನು ಪ್ರಕಟಿಸಿದ್ದು ಕ್ಷಯದಿಂದ ಮೊಣಕಾಲು ಹಾಳಾದ ಹುಡುಗನಿಗಾಗಿ. ಎಪ್ಪತ್ತರ ದಶಕದಲ್ಲಿ ವಿಯೆನ್ನಾದವರು ಅದನ್ನು ಕ್ಯಾನ್ಸರಿಗೆ ಬಳಸಿದರು.

ಕಾಗದದ ಮೇಲೆ ಬರೆದ ಚಿತ್ರ ನೋಡಿ ತಾಯಿ ಎದ್ದೇ ನಿಂತಳು. “ದೆವ್ವದ ಕಾಲು ಹಿಂದುಮುಂದು ಇರತಾವ್ರೀ! ನನ್ನ ಮಗನ್ನ ದೆವ್ವ ಮಾಡತೀರೇನು?” ಮನೆಗೆ ಯಾರು ಬಂದಾರು, ಊರಿನ ಹುಡುಗರು ಕಲ್ಲು ಹೊಡೆದಾರು, ಪೂರ್ತಿ ಕತ್ತರಿಸಿಬಿಡ್ರಿ, ಅದಾದರೂ ಮನುಷ್ಯನ ಹಾಂಗ ಕಾಣತದ ಎಂದು ಅತ್ತಳು. ಮುಂಬೈಯಿಂದ ಅವರನ್ನು ಪುಣೆಗೇ ಹಿಂದಕ್ಕೆ ಕಳಿಸಿ, ನೀವು ಕನ್ನಡದಲ್ಲಿ ಹೇಳಿ ನೋಡಿ ಎಂದಿದ್ದರು.

ಡಾಕ್ಟರು ಅವಳ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಅವರೂ ಹಳ್ಳಿಯವರು, ಹುಣಸೆಮರದ ದೆವ್ವದ ಕಾಲು ಎತ್ತ ಇರುತ್ತದೆಂದು ಅವರ ಅಜ್ಜಿಯೂ ಹೇಳಿದ್ದಳು. ನೆಲದ ಮೇಲೆ ಚಾಪೆ ಹಾಸಿ ಕೂತರು. ತಮ್ಮ ಪಾದ ಮೇಲೆ ಕೆಳಗೆ ಆಡಿಸಿ, ಈ ಕೀಲೇ ನಿನ್ನ ಮಗನ ಮೊಣಕಾಲಾಗತದವ್ವಾ ಎಂದರು. ತೊಡೆಯ ನಡುವಿಗೇ ಕತ್ತರಿಸಿದ ಕಾಲಿನವರು, ಮೊಣಕಾಲಿನ ಕೆಳಗೆ ಕತ್ತರಿಸಿದವರು, ಇಬ್ಬರೂ ಹೇಗೆ ನಡೆಯುತ್ತಾರೆಂದು ತೋರಿಸಲು, ಕೃತಕ ಕಾಲು ತೊಟ್ಟ ಇಬ್ಬರು ಮಾಜಿ ಸೈನಿಕರನ್ನು ಕರೆಸಿದರು. ಪುಣೆಯಲ್ಲಿ ಅಂಥವರಿಗೆ ಕೊರತೆಯಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಾಲು ಕಳಕೊಂಡವರಿಗಾಗಿ 1944ರಲ್ಲಿ ತೆರೆದ ಸೇನೆಯ ಕೃತಕಾಂಗ ಕೇಂದ್ರ ಇಲ್ಲೇ ಇದೆ, ಖಡ್ಕಿಯಲ್ಲಿ ಗಾಯಾಳು ಸೈನಿಕರಿಗೆ ಕೈಗಸುಬು ಕಲಿಸುವ ಕ್ವೀನ್ ಮೇರೀಸ್ ಸಂಸ್ಥೆ ಇದೆ. 1965ರ ಯುದ್ಧದಲ್ಲಿ ಗುಂಡು ತಿಂದು, 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ ಭಾರತಕ್ಕೆ ಮೊದಲ ಚಿನ್ನ ತಂದ ಮುರಳಿಕಾಂತ ಪೇಟಕರ್ ಕೂಡ ನೆಲೆಸಿದ್ದು ಪುಣೆಯಲ್ಲೇ. ಮೊಣಕಾಲು ಉಳಿದ ಸೈನಿಕ ಮೆಟ್ಟಿಲು ಹತ್ತಿ ಇಳಿದ, ಉಳಿಯದವನು ಕಟಕಟೆ ಹಿಡಿದ. ತಾಯಿ ಇಬ್ಬರನ್ನೂ ನೋಡಿದಳು. ಆಮೇಲೆ ಕೇಳಿದ ಪ್ರಶ್ನೆ ಒಂದೇ: ಮೇಲೆ ಪ್ಯಾಂಟು ಹಾಕಿದರ ಕಾಣಂಗಿಲ್ಲಲ್ರೀ?

ಕಾಣುವುದಿಲ್ಲ.

ಹುಡುಗನಿಗೆ ಶಸ್ತ್ರಚಿಕಿತ್ಸೆ ಆಯಿತು. ಲೆಡ್ಜರಿನ ಅವನ ಪುಟದಲ್ಲಿ ಕೊನೆಯ ಅಂಕಣ ಹಲವು ಸಲ ತುಂಬಿದೆ. ಅಂಚಿನಲ್ಲಿ ಜಾಗ ಸಾಲದೆ ಬೇರೆ ಚೀಟಿ ಅಂಟಿಸಿದ್ದಾರೆ. ‘ಸೈಕಲ್ಲಿನ ಮೇಲೆ ಬಂದಿದ್ದ’ ಎಂಬ ಸಾಲು ಅದರಲ್ಲೊಂದು. ಹಾಗೆ ತುಂಬದ ಪುಟಗಳೇ ಹೆಚ್ಚು, ಅದನ್ನು ಡಾಕ್ಟರು ಮುಚ್ಚಿಡುವುದಿಲ್ಲ.

ಗಡ್ಡೆಗಳೆಲ್ಲ ಇಷ್ಟು ಕ್ರೂರವಲ್ಲ. ಭಾರತದಲ್ಲಿ ಹೆಚ್ಚಾಗಿ ಕಾಣುವ ಜೈಂಟ್ ಸೆಲ್ ಟ್ಯೂಮರ್ ಇಪ್ಪತ್ತರಿಂದ ನಲವತ್ತರೊಳಗಿನವರ ಮೂಳೆಯ ತುದಿಯನ್ನು ಒಳಗಿಂದ ತಿಂದು, ಹೊರಗೋಡೆಯನ್ನು ಹಪ್ಪಳದಷ್ಟು ತೆಳ್ಳಗೆ ಮಾಡುತ್ತದೆ. ಜತ್ತದ ಕಬ್ಬು ಕಡಿಯುವ ಹೆಂಗಸೊಬ್ಬಳು ಮೊಣಕಾಲು ನೋವೆಂದು ಬಂದಳು, ಎತ್ತಿನ ಗಾಡಿಯಿಂದ ಇಳಿಯುವಾಗ ಉಳುಕಿತು ಎಂಬ ಕಥೆಯೊಂದಿಗೆ. ಗಡ್ಡೆಯನ್ನು ಪೂರ್ತಿ ಕೆರೆದು ತೆಗೆದು, ಗೋಡೆಯನ್ನು ಬರ್ ಎಂಬ ತಿರುಗುವ ಉಪಕರಣದಿಂದ ಉಜ್ಜಿ, ಫೀನಾಲ್ ಹಚ್ಚಿ, ಪೊಳ್ಳಿಗೆ ಮೂಳೆ ಸಿಮೆಂಟ್ ತುಂಬಿದರು. ಗಟ್ಟಿಯಾಗುವಾಗ ಸಿಮೆಂಟು ಕೈ ಸುಡುವಷ್ಟು ಬಿಸಿಯಾಗುತ್ತದೆ, ಉಳಿದ ಕೋಶಗಳನ್ನೂ ಆ ಬಿಸಿ ಸುಡುತ್ತದೆ. ಎಕ್ಸ್‌ರೇಯಲ್ಲಿ ಸಿಮೆಂಟಿನ ಅಂಚು ಅಚ್ಚಬಿಳಿ. ಗಡ್ಡೆ ಮರುಕಳಿಸಿದರೆ ಆ ಅಂಚಿನ ಪಕ್ಕದಲ್ಲೇ ಕಪ್ಪು ಕಾಣುತ್ತದೆ. ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಅವಳನ್ನು ಕಾಯಬೇಕಾದದ್ದು ಆ ಕಪ್ಪಿಗೆ, ಆದರೆ ಕಬ್ಬಿನ ಹಂಗಾಮಿನಲ್ಲಿ ಅವಳೆಲ್ಲಿ, ಆಸ್ಪತ್ರೆ ಎಲ್ಲಿ? ಡಾಕ್ಟರು ಹಂಗಾಮಿನ ತಿಂಗಳುಗಳನ್ನು ಬಿಟ್ಟು, ದೀಪಾವಳಿಗೆ ಮೊದಲು, ಯುಗಾದಿಯ ನಂತರ ಎಂದು ತಪಾಸಣೆಯ ದಿನ ಗೊತ್ತುಮಾಡಿದರು. ರೋಗಿಯ ಪಂಚಾಂಗಕ್ಕೆ ಹೊಂದದ ಫಾಲೋಅಪ್ ಬರೀ ಕಾಗದ ಎನ್ನುತ್ತಾರೆ ಅವರು.

ನಿವೃತ್ತರಾದ ಮೇಲೂ ಅವರು ವರ್ಷಕ್ಕೆ ಕೆಲವು ಸಲ ಅಕ್ಕಲಕೋಟೆ, ಇಂಡಿ, ಅಫಜಲಪುರದ ಶಾಲೆಗಳಿಗೆ ಹೋಗುತ್ತಾರೆ. ಮಾತಾಡುವುದು ಮಕ್ಕಳ ಜೊತೆಗಲ್ಲ, ಪಿ.ಟಿ. ಮಾಸ್ತರರ ಜೊತೆ. ಹುಡುಗ ಬಿದ್ದನೆಂಬ ಸುದ್ದಿ ಮೊದಲು ತಲುಪುವುದು ಅವರಿಗೆ, ಕುಂಟುವುದನ್ನು ಮೊದಲು ಕಾಣುವವರೂ ಅವರೇ. ಕಳೆದ ಸಲ ಒಬ್ಬ ಮಾಸ್ತರರು ಎದ್ದು ಕೇಳಿದರು: “ಸರ್, ಬೆಳೆಯೋ ಹುಡುಗರಿಗೆ ಕಾಲು ನೋಯೂದು ಇದ್ದದ್ದೇ. ಎಲ್ಲಾರಿಗೂ ಎಕ್ಸ್‌ರೇ ತೆಗಸಾಕ ಆಗತದೇನ್ರಿ?” ಆಗುವುದಿಲ್ಲ, ಬೇಕಾಗಿಯೂ ಇಲ್ಲ ಎಂದರು ಡಾಕ್ಟರು. ಬೆಳೆಯುವ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಸಂಜೆ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತದೆ. ಮಗು ಮಾರನೇ ದಿನ ಆಡುತ್ತದೆ. ಒಂದೇ ಕಾಲು, ಬೆರಳಿಟ್ಟು ತೋರಿಸುವ ಒಂದೇ ಜಾಗ, ಬೆಳಗಾದರೂ ಹೋಗದ ನೋವು, ಎರಡು ವಾರ ದಾಟಿದ್ದು ಅಥವಾ ಕೈಗೆ ಹತ್ತುವ ಗಂಟು ಇದ್ದರೆ ಮಾತ್ರ ಎಕ್ಸ್‌ರೇ, ಅದೂ ಎರಡು ಕಡೆಯಿಂದ ತೆಗೆಸಿದ್ದು, ಕೀಲಿನ ಜೊತೆ ಮೂಳೆಯ ಉದ್ದವೂ ಕಾಣುವಂಥದ್ದು. ಮಾಸ್ತರರು ಬರೆದುಕೊಂಡು, ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು ಯಾವ ವಾರ ಇರುತ್ತಾರೆಂದು ಪಕ್ಕದವರನ್ನು ಕೇಳಿದರು. ಸೋಮವಾರ, ಗುರುವಾರ ಎಂದರು ಯಾರೋ. ಡಾಕ್ಟರು ಅದನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಶಾಲೆಗೆ ಹೊರಟರು.